ಗೇರ್‌ಬಾಕ್ಸ್ ಇಳಿಸದೆ ಕ್ವಾಲಿಸ್ ಕ್ಲಚ್ ಸರಿಮಾಡಿದ್ದು

ಗಾಡಿ 2002ರ ಕ್ವಾಲಿಸ್ ಡೀಸೆಲ್. ಬೆಳಗ್ಗೆ ಗೇರ್ ಸಲೀಸಾಗಿ ಬೀಳುತ್ತಿತ್ತು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಅರ್ಧ ಗಂಟೆ ತೆವಳಿದರೆ ರಿವರ್ಸ್ ಕರ್ರ್ ಅನ್ನುತ್ತಿತ್ತು, ಪೆಡಲ್ ಮೂರು ಸಲ ಪಂಪ್ ಮಾಡಿದರೆ ಮತ್ತೆ ಬೀಳುತ್ತಿತ್ತು. ನೋಡಿದವರೆಲ್ಲ ‘ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಿ’ ಅಂದರು. ಲೇಬರ್ ಸೇರಿ ಸುಮಾರು 14,000. ನಾನು ಒಪ್ಪಲಿಲ್ಲ. ಪ್ಲೇಟ್ ಸವೆದಿದ್ದರೆ ಏರಿನಲ್ಲಿ ಸ್ಲಿಪ್ ಆಗಬೇಕಿತ್ತು. ಪಂಪ್ ಮಾಡಿದರೆ ಸರಿಹೋಗುತ್ತೆ ಅಂದರೆ ತೊಂದರೆ ಪೆಡಲ್ ಒತ್ತಡವನ್ನು ಕ್ಲಚ್‌ಗೆ ಮುಟ್ಟಿಸುವ ಆಯಿಲ್ ಲೈನಿನಲ್ಲೇ.

ಮೊದಲು ಸ್ಲೇವ್‌ಗೆ (ಗೇರ್‌ಬಾಕ್ಸ್ ಬಳಿ ಕ್ಲಚ್ ತಳ್ಳುವ ಸಿಲಿಂಡರ್) ವಾಷರ್ ಕಿಟ್ ಹಾಕಿದೆ, 180 ರೂಪಾಯಿ. ಅದರ ಬೋರ್‌ನಲ್ಲಿ, ಅಂದರೆ ಒಳಗೋಡೆಯಲ್ಲಿ, ತುಕ್ಕಿನ ಗುಂಡಿಗಳಿದ್ದವು. 600 ನಂಬರ್ ಎಮರಿಯಲ್ಲಿ ಉಜ್ಜಿದೆ. ಮೂರೇ ವಾರಕ್ಕೆ ಆಯಿಲ್ ಸೋರಿ ಸ್ಲೇವ್ ಬಾಯಿಯ ರಬ್ಬರ್ ಬೂಟ್ ಒದ್ದೆ. ಉಗುರಿಗೆ ಗುಂಡಿ ಸಿಕ್ಕರೆ ಕಿಟ್ ದಂಡ. ಜೆ.ಸಿ. ರೋಡಿನಿಂದ ಹೊಸ ಸ್ಲೇವ್ ತಂದೆ, 900 ಚಿಲ್ಲರೆ.

ಆದರೂ ತೊಂದರೆ ಹೋಗಲಿಲ್ಲ. ಲೈನಿನ ಗಾಳಿ ಪೂರ್ತಿ ಹೋಗಲಿಲ್ಲವೇನೋ ಎಂದು ಸಿರಿಂಜ್‌ನಿಂದ ಕೆಳಗಿನಿಂದ ಮೇಲಕ್ಕೆ ಆಯಿಲ್ ತಳ್ಳಿದೆ. ಇಲ್ಲೇ ದೊಡ್ಡ ತಪ್ಪಾಯಿತು. ಲೈನಿನಲ್ಲಿದ್ದ ಕಪ್ಪು ರಬ್ಬರ್ ಪುಡಿಯೆಲ್ಲ ಮಾಸ್ಟರ್‌ಗೆ (ಪೆಡಲ್ ಕಡೆಯ ಸಿಲಿಂಡರ್) ಏರಿ, ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಕಟ್ಟಿಕೊಂಡಿತು. ಪ್ರೆಷರ್ ಇಳಿಯದೆ ಈಗ ನಿಜವಾಗಿಯೂ ಸ್ಲಿಪ್. ಹೊಸ ಮಾಸ್ಟರ್‌ಗೆ 1,600.

ಮೂಲ ತೊಂದರೆ ಇನ್ನೂ ಇತ್ತು, ಆಮೇಲೆ ಅಳತೆಗೆ ಇಳಿದೆ. ಪೆಡಲ್ ಪೂರ್ತಿ ಒತ್ತಿಸಿ ಸ್ಲೇವ್ ರಾಡ್ ಎಷ್ಟು ಓಡುತ್ತೆ ಎಂದು ವರ್ನಿಯರ್ ಹಿಡಿದೆ. ತಣ್ಣಗಿದ್ದಾಗ 13 ಮಿ.ಮೀ. ಹತ್ತಿರ, ಬಿಸಿಯಲ್ಲಿ 9 ದಾಟಲಿಲ್ಲ. ಬಿಸಿ ಇಂಜಿನ್ನಿನಲ್ಲೇ ಫ್ಲೆಕ್ಸಿಬಲ್ ಹೋಸ್ ಸುತ್ತ ಬೆರಳಿಟ್ಟು ಪೆಡಲ್ ಒತ್ತಿಸಿದಾಗ, ಫಿಟ್ಟಿಂಗ್‌ನ ಪಕ್ಕದಲ್ಲೇ ರಬ್ಬರ್ ನಾಡಿಯ ಹಾಗೆ ಉಬ್ಬಿ ಇಳಿಯಿತು. ಹೊರಗೆ ಒಂದು ಬಿರುಕೂ ಇಲ್ಲ. ಹೇಗಿದ್ದರೂ ಬದಲಿಸುವ ಹೋಸ್ ಎಂದು ಕ್ಲಾಂಪ್ ಹಾಕಿ ಮುಚ್ಚಿ ನೋಡಿದೆ: ಪೆಡಲ್ ಕಲ್ಲು. ಒಂದು ನಿಮಿಷ ಒತ್ತಿ ಹಿಡಿದರೂ ಇಳಿಯಲಿಲ್ಲ, ಅಂದರೆ ಮಾಸ್ಟರ್ ಗಟ್ಟಿ. ಕ್ಲಾಂಪ್ ಹಾಕಿದ ಮೇಲೂ ಪೆಡಲ್ ಇಳಿದರೆ ಮಾಸ್ಟರ್ ಒಳಗಿನ ರಬ್ಬರ್ ಕಪ್ ವಾಷರ್ ನೋಡಿ.

ಹೋಸ್ 350. ಬಿಚ್ಚುವಾಗ ನಟ್ಟನ್ನು ಸುತ್ತಲೂ ಹಿಡಿಯುವ 10ರ ಫ್ಲೇರ್ ನಟ್ ಸ್ಪ್ಯಾನರ್ರೇ ಬೇಕು. ಸಾದಾ ಓಪನ್ ಸ್ಪ್ಯಾನರ್ ಹಾಕಿದರೆ ನಟ್ ಉರುಟಾಗುತ್ತೆ, ಪೈಪಿನ ಖರ್ಚೂ ಬರುತ್ತೆ. ಈ ಸಲ ಮೊದಲು ಮೇಲಿನಿಂದ ಕೆಳಕ್ಕೆ, ಆಯಿಲ್ ತಿಳಿಯಾಗುವವರೆಗೆ ಫ್ಲಶ್ ಮಾಡಿದೆ. ಸ್ಲೇವ್‌ನ ಎರಡು 12ರ ಬೋಲ್ಟ್ ಬಿಚ್ಚಿ, ಗಾಳಿ ಬಿಡುವ ನಿಪ್ಪಲ್ ಮೇಲಾಗುವಂತೆ ಹಿಡಿದು, ಪಿಸ್ಟನ್ ಒಳಗೆ ಒತ್ತಿ ತಂತಿಯಲ್ಲಿ ಕಟ್ಟಿದೆ. ಮಾಸ್ಟರ್ ಮೇಲಿನ ಡಬ್ಬಿಯ ಆಯಿಲ್ ಅರ್ಧ ಎಳೆದು, 60 ಮಿ.ಲೀ. ಸಿರಿಂಜ್ ಟ್ಯೂಬಿನ ಗಾಳಿ ಮೊದಲೇ ಕಳೆದು, ನಿಧಾನವಾಗಿ ಮೂರು ಸಿರಿಂಜ್ ಕೆಳಗಿನಿಂದ ತಳ್ಳಿದೆ. ಮಾಸ್ಟರ್ ಬಾಯಲ್ಲಿ ಉಳಿಯುವ ಕೊನೆಯ ಗುಳ್ಳೆಗೆ ನನ್ನದೇ ಒಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಒಂದು ಪ್ರಯೋಗ: ಹಳೇ ಕಪ್ ವಾಷರ್ ಒಂದನ್ನು ಪವರ್ ಸ್ಟೀರಿಂಗ್ ಆಯಿಲ್‌ನಲ್ಲಿ, ಇನ್ನೊಂದನ್ನು ಡಾಟ್ 4 ಬ್ರೇಕ್ ಆಯಿಲ್‌ನಲ್ಲಿ ಎರಡು ದಿನ ನೆನೆಸಿಟ್ಟೆ. ಮೊದಲನೆಯದು ಉಬ್ಬಿ ಮೆತ್ತಗಾಗಿ ಬೋರ್‌ಗೆ ಹೋಗಲೇ ಇಲ್ಲ. ಅರ್ಜೆಂಟಿಗೆ ‘ಯಾವುದೋ ಆಯಿಲ್’ ಹಾಕುವವರು ಇದನ್ನು ಮಾಡಿ ನೋಡಲಿ.

ಕೊನೆಗೆ ಪೆಡಲ್ ಫ್ರೀ ಪ್ಲೇ (ಬಿಗಿ ಹಿಡಿಯುವ ಮುಂಚಿನ ಸಡಿಲ ಓಟ) 10 ಮಿ.ಮೀ. ಆಸುಪಾಸು ಬಿಟ್ಟೆ. ಬಿಸಿಯಲ್ಲೂ ರಾಡ್ ಈಗ 13 ಓಡುತ್ತಿದೆ. ಡಾಟ್ 4 ಸೇರಿ ಒಟ್ಟು 3,500 ಹೋಯಿತು, ಗೇರ್‌ಬಾಕ್ಸ್ ಬೋಲ್ಟ್ ಒಂದೂ ಬಿಚ್ಚಿಲ್ಲ.