ಕ್ಯಾಲಿಕೋ: ಬೆಳ್ಳಿ ಬೆಲೆ ಬಿದ್ದು ಖಾಲಿಯಾದ ಊರಿಗೆ ಒಂದು ದಿನ

ಲಾಸ್ ಏಂಜಲೀಸ್ ಕಡೆ ಮಕ್ಕಳ ಮನೆಗೆ ಹೋದ ಅಪ್ಪ-ಅಮ್ಮಂದಿರಿಗೆ ಲಾಸ್ ವೇಗಸ್ ತೋರಿಸುವುದು ಮಾಮೂಲು. ಆ ಹೆದ್ದಾರಿಯಲ್ಲಿ ಬಾರ್‌ಸ್ಟೋ ದಾಟಿದ ಮೇಲೆ ಎಡಗಡೆ ಒಂದು ಬೋಳು ಬೆಟ್ಟ ಬರುತ್ತದೆ. ಅದರ ಮೇಲೆ ದೊಡ್ಡ ಬಿಳಿ ಅಕ್ಷರಗಳಲ್ಲಿ ‘ಕ್ಯಾಲಿಕೋ’ ಅಂತ ಬರೆದಿದೆ. ಕಾರಿನಿಂದಲೇ ಓದಿ ಮುಂದೆ ಹೋಗುವವರೇ ಜಾಸ್ತಿ. ಒಂದು ದಿನ ಬಿಡುವು ಮಾಡಿಕೊಂಡು ಆ ಬೆಟ್ಟದ ಬುಡಕ್ಕೇ ಹೋಗಿ. ಮೊಹಾವಿ ಮರುಭೂಮಿಯಲ್ಲಿ 1881ರಲ್ಲಿ ಬೆಳ್ಳಿಗಾಗಿ ಹುಟ್ಟಿದ ಗಣಿ ಊರು ಅಲ್ಲಿದೆ. ಜನ ಬಿಟ್ಟುಹೋದ ಊರನ್ನು ಆಮೇಲೆ ದುರಸ್ತಿ ಮಾಡಿ ನಿಲ್ಲಿಸಿದ್ದಾರೆ.

ಮೊದಲು ದಿನ ಗೊತ್ತು ಮಾಡಿ

ನವೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ವಯಸ್ಸಾದವರನ್ನು ಆಗ ಕರೆದುಕೊಂಡು ಹೋಗಲೇಬೇಡಿ. ಚಳಿಗಾಲದಲ್ಲೂ ಸುಮ್ನೆ ಟೀ ಶರ್ಟ್‌ನಲ್ಲಿ ಹೊರಡಬೇಡಿ. ಬಿಸಿಲಿದ್ದರೂ ಗಾಳಿ ಕೊರೆಯುತ್ತದೆ.

ವಾರಕ್ಕಿಂತ ಹೊತ್ತು ಮುಖ್ಯ. ಶುಕ್ರವಾರ ಸಂಜೆ ಇಡೀ ಲಾಸ್ ಏಂಜಲೀಸ್ ಈ ರಸ್ತೆಯಲ್ಲಿ ವೇಗಸ್‌ಗೆ ಹೊರಟಿರುತ್ತದೆ. ಭಾನುವಾರ ಮಧ್ಯಾಹ್ನದ ಮೇಲೆ ಅದೇ ಜನ ವಾಪಸ್ ಬರುತ್ತಿರುತ್ತಾರೆ. ಆ ಎರಡು ಹೊತ್ತು ತಪ್ಪಿಸಿ. ಶನಿವಾರ ಬೆಳಿಗ್ಗೆ ಬೇಗ ಹೊರಟರೆ ಎರಡು, ಎರಡೂವರೆ ಗಂಟೆಯ ದಾರಿ. ವೇಗಸ್ ಕಡೆಯಿಂದ ಬಂದರೂ ಹೆಚ್ಚುಕಡಿಮೆ ಅಷ್ಟೇ. ಇಂಟರ್‌ಸ್ಟೇಟ್ 15ರಲ್ಲಿ ‘ಘೋಸ್ಟ್ ಟೌನ್ ರೋಡ್’ ಎಂಬ ಎಕ್ಸಿಟ್ ಹಿಡಿದು ಉತ್ತರಕ್ಕೆ ತಿರುಗಿ. ಅಲ್ಲಿಂದ ಕೆಲವೇ ಕಿಲೋಮೀಟರ್.

ಒಂದು ಮಾತು. ನ್ಯಾಷನಲ್ ಪಾರ್ಕ್‌ಗಳ ವಾರ್ಷಿಕ ಪಾಸ್ ಇಲ್ಲಿ ನಡೆಯುವುದಿಲ್ಲ. ಇದು ಸ್ಯಾನ್ ಬರ್ನಾರ್ಡಿನೋ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಪಾರ್ಕ್. ಪ್ರವೇಶಕ್ಕೆ ಟಿಕೆಟ್ ಬೇರೆ, ಗಣಿ ಮತ್ತು ಪುಟಾಣಿ ರೈಲಿಗೆ ಬೇರೆ. ದರ, ಸಮಯ ಎರಡನ್ನೂ ಹೊರಡುವ ಮುಂಚೆ ಕೌಂಟಿಯ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ.

ಬುತ್ತಿ, ನೀರು, ಶೂ

ಒಳಗೆ ಸಿಗುವುದು ಬಹುಪಾಲು ಬರ್ಗರ್ ಥರದ ತಿಂಡಿ. ಸಸ್ಯಾಹಾರಿಗಳು ಪುಳಿಯೋಗರೆ ಕಟ್ಟಿಕೊಳ್ಳಿ. ಮೊಸರನ್ನಕ್ಕೆ ಐಸ್ ಬಾಕ್ಸ್ ಬೇಕೇ ಬೇಕು. ನೀರು ಎಷ್ಟು ಬೇಕು ಅಂದುಕೊಂಡಿದ್ದೀರೋ ಅದರ ಎರಡರಷ್ಟು ತನ್ನಿ. ಊರಿನ ಒಂದೇ ದೊಡ್ಡ ಬೀದಿ ಏರಿನಲ್ಲಿದೆ, ಪಕ್ಕದ ದಾರಿಗಳಲ್ಲೆಲ್ಲ ಜಲ್ಲಿ. ಚಪ್ಪಲಿ ಬಿಟ್ಟು ಶೂ ಹಾಕಿಕೊಳ್ಳಿ. ಅಮ್ಮನಿಗೂ, ಸೀರೆ ಉಟ್ಟಿದ್ದರೂ.

ಅಂಗಡಿ ಬಿಡಿ, ಮೊದಲು ಗಣಿ

ಗೇಟು ದಾಟಿದ ಕೂಡಲೇ ಅಂಗಡಿಗಳು ಶುರುವಾಗುತ್ತವೆ. ಅಲ್ಲಿ ನಿಂತರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ನೇರ ಮ್ಯಾಗಿ ಮೈನ್‌ಗೆ ನಡೆಯಿರಿ. (ನೂಡಲ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ.) ಬೆಳಿಗ್ಗೆ ಜನ ಕಡಿಮೆ, ಸುರಂಗದೊಳಗೆ ಹಿಂದಿನವರು ತಳ್ಳುವುದಿಲ್ಲ. ಒಳಗೆ ದೀಪ ಹಾಕಿದ್ದಾರೆ, ಅಲ್ಲಲ್ಲಿ ಗಣಿ ಕೆಲಸಗಾರರ ಗೊಂಬೆಗಳನ್ನು ನಿಲ್ಲಿಸಿದ್ದಾರೆ. ಮಕ್ಕಳು ಗೊಂಬೆ ನೋಡಲಿ. ನೀವು ಗೋಡೆ ನೋಡಿ. ಸುರಂಗ ನೆಟ್ಟಗೆ ಹೋಗುವ ಬದಲು ಪಕ್ಕಕ್ಕೆ, ಮೇಲಕ್ಕೆ ತೂತು ತೂತಾಗಿ ಒಡೆದಿದೆಯಲ್ಲ, ಬೆಳ್ಳಿಯ ಪದರ ಎಲ್ಲಿಗೆ ಹೋಯಿತೋ ಸುತ್ತಿಗೆ ಹಿಡಿದವನೂ ಅಲ್ಲಿಗೇ ಹೋಗಿದ್ದಾನೆ.

ಹೊರಗೆ ಬಂದು ಸುತ್ತ ನೋಡಿ. ಒಂದು ಹನಿ ನೀರಿಲ್ಲ. ಅದಿರು ಅರೆದು ಬೆಳ್ಳಿ ತೆಗೆಯಲು ನೀರು ಬೇಕು. ಹಾಗಾಗಿ ಅದಿರನ್ನು ಕೆಳಗೆ ಮೊಹಾವಿ ನದಿಯ ಪಕ್ಕದ ಡ್ಯಾಗೆಟ್‌ಗೆ ಸಾಗಿಸಿ ಅರೆಯುತ್ತಿದ್ದರು. ಸಾಗಣೆಯ ಖರ್ಚು ತಲೆ ಮೇಲಿದ್ದಾಗ ಬೆಳ್ಳಿಯ ಬೆಲೆ ಬಿದ್ದರೆ ಏನಾಗುತ್ತದೆ? 1880ರ ದಶಕದಲ್ಲಿ ಔನ್ಸ್‌ಗೆ ಒಂದು ಡಾಲರ್ ಆಸುಪಾಸು ಇದ್ದದ್ದು 1890ರ ದಶಕದ ಮಧ್ಯಕ್ಕೆ ಅರವತ್ತು ಚಿಲ್ಲರೆ ಸೆಂಟ್‌ಗೆ ಇಳಿಯಿತು. ಬೆಟ್ಟದಲ್ಲಿ ಅದಿರು ಇನ್ನೂ ಇತ್ತು, ಅಗೆದರೆ ಗಿಟ್ಟುತ್ತಿರಲಿಲ್ಲ ಅಷ್ಟೇ. ಹತ್ತಿರದಲ್ಲೇ ಬೋರಾಕ್ಸ್ (ಬಿಳಿಗಾರ) ಗಣಿ ಇದ್ದದ್ದರಿಂದ ಇನ್ನೊಂದಷ್ಟು ವರ್ಷ ಹೇಗೋ ಉಸಿರಾಡಿತು. 1907ರ ಹೊತ್ತಿಗೆ ಅದೂ ನಿಂತು ಊರು ಖಾಲಿಯಾಯಿತು.

ನಮ್ಮ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ ಚಿನ್ನಕ್ಕೆ ಇಳಿದದ್ದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ, 1880ರಲ್ಲಿ. ಅಲ್ಲಿ 2001ರಲ್ಲಿ ಗಣಿ ಮುಚ್ಚಿದರೂ ಜನ ಊರು ಬಿಡಲಿಲ್ಲ. ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ. ಕ್ಯಾಲಿಕೋಗೆ ಹತ್ತಿರ ಯಾವ ಬೆಂಗಳೂರೂ ಇರಲಿಲ್ಲ.

ಹಳೆಯದು ಯಾವುದು, ಹೊಸದು ಯಾವುದು

ಈಗ ಬೀದಿಗೆ ಬನ್ನಿ. ವಾಲ್ಟರ್ ನಾಟ್ ಎಂಬಾತ 1951ರಲ್ಲಿ ಈ ಊರನ್ನೇ ಕೊಂಡುಕೊಂಡ. ನಾಟ್ಸ್ ಬೆರಿ ಫಾರ್ಮ್ ಎಂಬ ಮನರಂಜನಾ ಪಾರ್ಕ್ ಕೇಳಿದ್ದೀರಲ್ಲ, ಅದರ ಯಜಮಾನ. ಬಿದ್ದುಹೋಗಿದ್ದನ್ನು ಹಳೆಯ ಫೋಟೊ ನೋಡಿ ಮತ್ತೆ ಕಟ್ಟಿಸಿ, 1966ರಲ್ಲಿ ಕೌಂಟಿಗೆ ದಾನ ಕೊಟ್ಟ. ಹಾಗಾಗಿ ನೀವು ನೋಡುವುದರಲ್ಲಿ ಮೂಲ ಕಟ್ಟಡಗಳು ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ಆಮೇಲಿನದು. ಬಾಟಲಿಗಳನ್ನು ಜೋಡಿಸಿ ಕಟ್ಟಿದ ಮನೆಯ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ಅದು ಹೊಸದು. ಲೂಸಿ ಲೇನ್ ಮನೆ ಹಳೆಯದು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಹುಡುಗಿಯಾಗಿ ಬಂದ ಲೂಸಿ, ನಡುವೆ ಊರು ಬಿಟ್ಟಿದ್ದರೂ, ಊರೆಲ್ಲ ಖಾಲಿಯಾದ ಮೇಲೆ ವಾಪಸ್ ಬಂದು 1960ರ ದಶಕದವರೆಗೆ ಇಲ್ಲೇ ಬಾಳಿದಾಕೆ. ಒಂದೇ ಕಟ್ಟಡ ನೋಡಲು ಹೊತ್ತಿದ್ದರೆ ಇದನ್ನೇ ನೋಡಿ.

‘ಇದೆಲ್ಲ ನಾಟಕದ ಸೆಟ್’ ಎಂದು ಮೂಗು ಮುರಿಯುವವರಿದ್ದಾರೆ. ಹೊಸದಾಗಿ ಕಟ್ಟದೆ, ಬೀಳದ ಹಾಗಷ್ಟೇ ನೋಡಿಕೊಂಡು ಇದ್ದ ಹಾಗೇ ಕಾಪಾಡಿದ ಗಣಿ ಊರು ಬೇಕೆಂದರೆ ಇದೇ ಕ್ಯಾಲಿಫೋರ್ನಿಯಾದ ಬೋಡಿಗೆ ಹೋಗಬೇಕು. ಅದು ದೂರ, ಎತ್ತರ, ಹಿಮ ಬಿದ್ದರೆ ರಸ್ತೆಯೇ ಬಂದ್. ಮಂಡಿನೋವಿನ ಅಪ್ಪ, ಆರು ವರ್ಷದ ಮಗ ಜೊತೆಗಿದ್ದರೆ ನನ್ನ ಓಟು ಕ್ಯಾಲಿಕೋಗೆ.

ಮಗನಿಗೆ ಡಾರ್ಸಿ ಕಥೆ ಹೇಳಿ. 1880ರ ದಶಕದಲ್ಲಿ ಬೆನ್ನಿಗೆ ಚೀಲ ಕಟ್ಟಿಸಿಕೊಂಡು ಪಕ್ಕದ ಗಣಿ ಕ್ಯಾಂಪ್‌ಗೆ ಟಪಾಲು ಒಯ್ಯುತ್ತಿದ್ದ ನಾಯಿ.

ಮಧ್ಯಾಹ್ನದ ಮೇಲೆ

ಊಟ ಆದ ಮೇಲೆ ಪುಟಾಣಿ ರೈಲು. ಸುತ್ತು ಚಿಕ್ಕದು, ಕೂತವರಿಗೆ ಕಾಲಿಗೆ ವಿಶ್ರಾಂತಿ. ಆಮೇಲೆ ಬೀದಿಯ ಮೇಲಿನ ತುದಿಗೆ ಹತ್ತಿ, ಬಿಸಿಲು ಓರೆಯಾದಾಗ ಬೆಟ್ಟ ಚೀಟಿ ಬಟ್ಟೆಯಂತೆ ಕೆಂಪು, ಹಸಿರು, ಕಂದು ಬಣ್ಣ ಬಿಡುತ್ತದೆ. ಫೋಟೊ ಆಗ ತೆಗೆಯಿರಿ, ನಡು ಮಧ್ಯಾಹ್ನ ಎಲ್ಲ ಬೆಳ್ಳಗೆ ಬರುತ್ತದೆ.

ಬೇಲಿ ದಾಟಿ ಮಾತ್ರ ಹೋಗಬೇಡಿ. ಈ ಬೆಟ್ಟಗಳಲ್ಲಿ ಬಾಯಿ ತೆರೆದ ಹಳೆಯ ಗಣಿ ಗುಂಡಿಗಳಿವೆ. ಒಳಗೆ ಉಸಿರಾಡುವ ಗಾಳಿ ಇರುತ್ತದೆ ಎಂಬ ಭರವಸೆ ಇಲ್ಲ, ಕಲ್ಲಿನ ಸಂದಿಯಲ್ಲಿ ಬುಡುಬುಡಿಕೆ ಹಾವು ಇರಬಹುದು. ಮಕ್ಕಳ ಕೈ ಬಿಡಬೇಡಿ.

ಕತ್ತಲಾಗುವ ಮುಂಚೆ ಹೊರಟು, ಬಾರ್‌ಸ್ಟೋದಲ್ಲಿ ಪೆಟ್ರೋಲ್ ಹಾಕಿಸಿ, ಕಾಫಿ ಕುಡಿದು ಹೆದ್ದಾರಿ ಹಿಡಿಯಿರಿ.