ಬರ್ಗಂಡಿ ವೈನ್: ದುಡ್ಡು ಕೊಡುವ ಮುಂಚೆ ಲೇಬಲ್ ಓದಿ

ನಾನಿರುವುದು ಫ್ರಾನ್ಸಿನ ಡಿಜೋನ್‌ನಲ್ಲಿ. ಇಲ್ಲಿನ ವೈನ್ ಪ್ರಾಂತ್ಯ ಬರ್ಗಂಡಿಯ ದೊಡ್ಡ ದೊಡ್ಡ ಹೆಸರಿನ ದ್ರಾಕ್ಷಿ ತೋಟಗಳಲ್ಲಿ ಹಲವು ಇಲ್ಲಿಂದ ದಕ್ಷಿಣಕ್ಕೆ, ಬೋನ್ ಪಟ್ಟಣದ ಕಡೆಗೆ ಹೋಗುವ ದಾರಿಯಲ್ಲೇ ಸಿಗುತ್ತವೆ. ಊರಿಂದ ಬಂದ ನೆಂಟರಿಗೆ ನಾನು ಮೊದಲು ಹೇಳುವುದು ಒಂದೇ: ಲೇಬಲ್ ಪೂರ್ತಿ ಓದದೆ ದುಡ್ಡು ಕೊಡಬೇಡಿ.

'ಜೆವ್ರೆ-ಶಾಂಬರ್ತಾಂ' ಅನ್ನೋದನ್ನೇ ನೋಡಿ. ಶಾಂಬರ್ತಾಂ ಅಂದರೆ ಸುಮಾರು 32 ಎಕರೆಯ ಒಂದು ತೋಟ. ಅದರ ಹೆಸರು ಎಷ್ಟು ದೊಡ್ಡದಿತ್ತೆಂದರೆ 1847ರಲ್ಲಿ ಜೆವ್ರೆ ಊರಿನವರು ಅದನ್ನು ತಮ್ಮ ಊರಿನ ಹೆಸರಿಗೇ ಸೇರಿಸಿಕೊಂಡರು. ಹಾಗಾಗಿ 'ಜೆವ್ರೆ-ಶಾಂಬರ್ತಾಂ' ಎಂದಷ್ಟೇ ಇದ್ದರೆ ಅದು ಊರಿನ ವೈನ್. ಬರೀ 'ಶಾಂಬರ್ತಾಂ' ಎಂದಿದ್ದು, ಜೊತೆಗೆ 'ಗ್ರಾಂ ಕ್ರೂ' (ಎಲ್ಲಕ್ಕಿಂತ ಮೇಲಿನ ದರ್ಜೆ) ಎಂದಿದ್ದರೆ ಆ ತೋಟದ್ದೇ. ಬೆಲೆಯಲ್ಲಿ ಅಜಗಜಾಂತರ. ಆದರೆ 'ಶಾರ್ಮ್-ಶಾಂಬರ್ತಾಂ' ಅಂಥ ಬೇರೆ ತೋಟಗಳೂ ಇವೆ, ಅವೂ ಗ್ರಾಂ ಕ್ರೂಗಳೇ. ಗೊಂದಲ ಆಯಿತು ಅಂದರೆ 'ಗ್ರಾಂ ಕ್ರೂ' ಅನ್ನುವ ಸಾಲನ್ನು ಹುಡುಕಿ. ಅದರ ಕೆಳಗಿನ ದರ್ಜೆ 'ಪ್ರೀಮಿಯೆ ಕ್ರೂ', ಆಮೇಲೆ ಊರಿನ ವೈನ್, ಕೊನೆಗೆ ಇಡೀ ಪ್ರಾಂತ್ಯದ ಹೆಸರಿನ 'ಬೂರ್ಗೋನ್ಯ್' (ಬರ್ಗಂಡಿಗೆ ಫ್ರೆಂಚಿನ ಹೆಸರು).

ದರ್ಜೆ ಗೊತ್ತಾದರೆ ಸಾಲದು. ಕ್ಲೋ ದ ವೂಜೋಗೆ ಹೋದರೆ ಯಾಕೆ ಅಂತ ಕಣ್ಣಾರೆ ಕಾಣುತ್ತದೆ. ಸಿತೋ ಮಠದ ಸನ್ಯಾಸಿಗಳು 12ನೇ ಶತಮಾನದಿಂದ ಬೆಳೆಸಿದ ತೋಟ ಇದು. ಸುತ್ತ ಕಲ್ಲಿನ ಗೋಡೆ, ಒಳಗೆ ಸುಮಾರು 125 ಎಕರೆ. ಫ್ರೆಂಚ್ ಕ್ರಾಂತಿಯಲ್ಲಿ ಮಠದ ಆಸ್ತಿ ಮುಟ್ಟುಗೋಲಾಯಿತು, ಮುಂದೆ ತೋಟ ಮಾರಾಟವಾಗಿ, ಪಾಲಾಗಿ, ಈಗ 80ರಷ್ಟು ಮಾಲೀಕರಿದ್ದಾರೆ. ಮೇಲ್ಭಾಗದಲ್ಲಿ, ಹಳೇ ಕಟ್ಟಡದ ಹತ್ತಿರ, ತೆಳು ಮಣ್ಣು, ಸುಣ್ಣಕಲ್ಲು, ನೀರು ಚೆನ್ನಾಗಿ ಬಸಿದು ಹೋಗುತ್ತದೆ, ದ್ರಾಕ್ಷಿಗೆ ಬೇಕಾದ್ದೇ ಅದು. ಕೆಳಗೆ ಹೆದ್ದಾರಿ ಪಕ್ಕಕ್ಕೆ ಬಂದರೆ ಜೇಡಿಮಣ್ಣು. ಮಳೆ ಬಂದ ಮೇಲೆ ನಡೆದು ನೋಡಿ, ಬೂಟಿಗೆ ಅಂಟುತ್ತದೆ. ಎರಡಕ್ಕೂ ಲೇಬಲ್ ಮೇಲೆ ಇರುವುದು ಒಂದೇ ಹೆಸರು, ಒಂದೇ ಗ್ರಾಂ ಕ್ರೂ ಪಟ್ಟ!

ಅದಕ್ಕೇ ಮಾಡಿದವರ ಹೆಸರು ನೋಡಬೇಕು. 'ಮಿ ಆಂ ಬುತೆಯ್ ಓ ದೊಮೇನ್' ಎಂದಿದ್ದರೆ ತೋಟದವರೇ ಬಾಟಲಿಗೆ ತುಂಬಿಸಿದ್ದಾರೆ ಎಂದರ್ಥ. ಅಂಗಡಿಯವರನ್ನು "ಇವರ ಪಾಲು ಮೇಲಿದೆಯಾ, ಕೆಳಗಿದೆಯಾ?" ಎಂದು ಕೇಳಿ. ಸಂಕೋಚ ಬೇಡ. ಇಲ್ಲಿನವರಿಗೆ ಈ ಮಾತು ಅಂದರೆ ತುಂಬಾ ಇಷ್ಟ, ನಕ್ಷೆ ತೆಗೆದು ತೋರಿಸುವವರೂ ಇದ್ದಾರೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ನನ್ನ ಸಲಹೆ ಇದು: ಹೆಸರುವಾಸಿ ತೋಟದ ಸಾಧಾರಣ ಬಾಟಲಿಗಿಂತ ಒಳ್ಳೇ ಕೈಯ ಸರಳ ಕೆಂಪು 'ಬೂರ್ಗೋನ್ಯ್' ಕೊಳ್ಳಿ. ಅದೇ ಶ್ರದ್ಧೆ, ಅದೇ ಪಿನೋ ನ್ವಾರ್ ದ್ರಾಕ್ಷಿ, ಬೆಲೆ ಎಷ್ಟೋ ಕಮ್ಮಿ. ವೋನ್-ರೊಮನೆಯಂಥ ಊರಿನ ಒಳ್ಳೇ ಮನೆತನಗಳೂ ಇದನ್ನು ಮಾಡುತ್ತವೆ.

ಬೆಂಗಳೂರಿಗೆ ಒಯ್ದ ಮೇಲೆ ಬೀರುವಿನ ಮೇಲೆ ಇಡಬೇಡಿ, ಬಿಸಿಗೆ ಕೆಡುತ್ತದೆ. ಕುಡಿಯುವಾಗ 15ರಿಂದ 17 ಡಿಗ್ರಿ ಇರಬೇಕು. ಅಲ್ಲಿನ ಸೆಕೆಗೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಹಳೇ ಬಾಟಲಿಯಾದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಷ್ಟು ತಳಕ್ಕೆ ಇಳಿಯಲಿ. ಬಗ್ಗಿಸುವಾಗ ನಿಧಾನ, ಗಷ್ಟು ಕುತ್ತಿಗೆ ಹತ್ತಿರ ಬಂದ ತಕ್ಷಣ ನಿಲ್ಲಿಸಿಬಿಡಿ.