ಡಿಸಿ ರಜೆಯ ದಿನ ತೋಡಿಗೆ ಹೋದ ಹುಡುಗ

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಒಂದು ಸರ್ಕಾರಿ ಶಾಲೆ. ಅಲ್ಲಿ ನಾನು ವಿಜ್ಞಾನ ಮೇಷ್ಟ್ರು. ನನ್ನ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಫಿ ತೋಟದ ಲೈನ್‌ಮನೆಗಳಿಂದ, ಅಂದರೆ ಕೂಲಿಕಾರರ ಸಾಲುಮನೆಗಳಿಂದ ಬರುವವರು. ಪುಸ್ತಕ ಮುಚ್ಚಿಟ್ಟು ಪಾಠ ಮಾಡುವ ಮೇಷ್ಟ್ರು ಅಂತ ಊರಲ್ಲಿ ನನಗೆ ಹೆಸರು. ಆ ಹೆಸರು ನನಗೆ ಇಷ್ಟವೂ ಆಗಿತ್ತು.

ಕೊಡಗಿನಲ್ಲಿ ಮಳೆ ಅಳೆಯುವುದು ಹೊಸದೇನಲ್ಲ. ತೋಟದ ಮನೆಗಳಲ್ಲಿ ಬೆಳಗ್ಗೆ ಎದ್ದರೆ ಮೊದಲು ಮಳೆಮಾಪಕ ನೋಡುತ್ತಾರೆ. "ನಿಮ್ಮಲ್ಲಿ ಎಷ್ಟು?" ಅಂದರೆ "ಒಂದು ಇಂಚು ಇಪ್ಪತ್ತು ಸೆಂಟ್" ಅಂತ ಉತ್ತರ ಬರುತ್ತದೆ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಮಾರ್ಚ್ ಹೊತ್ತಿಗೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಸರಿಯಾಗಿ ಬಿತ್ತೋ ಇಲ್ಲವೋ ಅನ್ನುವುದರ ಮೇಲೆ ರೊಬಸ್ಟಾ ಕಾಫಿ ಬೆಳೆ ನಿಂತಿದೆ. ಆದರೆ ಆ ಲೆಕ್ಕವೆಲ್ಲ ಸಾಹುಕಾರರ ಮನೆಯ ಡೈರಿಯಲ್ಲಿ ಇರುತ್ತದೆ. ಲೈನ್‌ಮನೆಯ ಮಗುವಿನ ಕೈಯಲ್ಲೂ ತನ್ನದೇ ಒಂದು ಲೆಕ್ಕ ಇರಲಿ ಅನ್ನುವುದು ನನ್ನ ಆಸೆ.

ಎರಡು ಲೀಟರಿನ ಖಾಲಿ ಬಾಟಲಿ ತರಿಸಿದೆ. ಕತ್ತು ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಬಾಯಿಗೆ ಕೂರಿಸಿದೆವು. ಬಾಟಲಿಯ ತಳ ಸಮ ಇರುವುದಿಲ್ಲ ಅಲ್ವಾ, ಅದಕ್ಕೆ ಸಣ್ಣ ಕಲ್ಲು ಹಾಕಿ, ನೇರ ಭಾಗ ಶುರುವಾಗುವ ತನಕ ನೀರು ತುಂಬಿ, ಅಲ್ಲಿಗೆ ಸೊನ್ನೆ ಗೆರೆ ಎಳೆದೆವು. ಪಕ್ಕದಲ್ಲಿ ಸ್ಕೇಲು ಅಂಟಿಸಿದರೆ ಮುಗಿಯಿತು. ದಿನಾ ಬೆಳಗ್ಗೆ ಎಂಟೂವರೆಗೆ ಅಳತೆ ನೋಡಿ, ನೀರನ್ನು ಮತ್ತೆ ಸೊನ್ನೆ ಗೆರೆಗೆ ಇಳಿಸಬೇಕು.

ಒಂದು ದಿನ ಏಳನೇ ಕ್ಲಾಸಿನ ಹುಡುಗಿಯೊಬ್ಬಳ ಲೆಕ್ಕ ಸಾಹುಕಾರರ ಲೆಕ್ಕಕ್ಕಿಂತ ತುಂಬ ಕಡಿಮೆ ಬಂತು. "ನಿಂದು ತಪ್ಪು" ಅಂದರಂತೆ. ಹೋಗಿ ನೋಡಿದರೆ ಅವಳ ಬಾಟಲಿ ಸಿಲ್ವರ್ ಓಕ್ ಮರದ ಕೆಳಗೆ ಇತ್ತು. ಮಳೆಮಾಪಕ ಬಯಲಲ್ಲಿ ಇರಬೇಕು, ಪಕ್ಕದ ಮರ ಎಷ್ಟು ಎತ್ತರವೋ ಕೊನೇ ಪಕ್ಷ ಅದರ ಎರಡರಷ್ಟು ದೂರದಲ್ಲಿ. ಅವಳೇ ಜಾಗ ಹುಡುಕಿ ಬಾಟಲಿ ಸರಿಸಿದಳು. ಮಾರನೇ ದಿನ ಎರಡೂ ಲೆಕ್ಕ ಹತ್ತಿರ ಹತ್ತಿರ ಬಂದವು. ಆ ಹುಡುಗಿಯ ಮುಖ ಇನ್ನೂ ನನ್ನ ಕಣ್ಣ ಮುಂದೆ ಇದೆ. ಅವತ್ತು ಇಡೀ ಕ್ಲಾಸಿನ ಎದುರು ಅವಳಿಗೆ ಶಭಾಷ್ ಹೇಳಿದೆ. "ಯಾರ ಮಾತನ್ನೂ ಸುಮ್ನೆ ನಂಬಬೇಡಿ, ಅಳೆದು ನೋಡಿ" ಅಂದೆ.

ಆಮೇಲಿನ ದಿನಗಳಲ್ಲಿ ನಾನು ಯಾವುದಕ್ಕೆ ಶಭಾಷ್ ಹೇಳುತ್ತಾ ಹೋದೆ ಅನ್ನುವುದನ್ನು ಗಮನಿಸಲೇ ಇಲ್ಲ. ಯಾರು ದೊಡ್ಡ ಸಂಖ್ಯೆ ತಂದರೋ, ಯಾರು ಬೇರೆಯವರು ಮಾಡದ್ದು ಮಾಡಿದರೋ ಅವರಿಗೆ.

ಜುಲೈ ಕೊನೆ. ಎರಡು ದಿನದಿಂದ ಬಿಡದೆ ಮಳೆ. ಡಿಸಿ ರಜೆ ಕೊಟ್ಟಿದ್ದರು. ಆರನೇ ಕ್ಲಾಸಿನ ಒಬ್ಬ ಹುಡುಗ ಉದ್ದದ ಕೋಲಿಗೆ ಅಡಿ, ಇಂಚಿನ ಗುರುತು ಮಾಡಿಕೊಂಡು ಗದ್ದೆ ಬದಿಯ ತೋಡಿಗೆ, ಅಂದರೆ ಸಣ್ಣ ಹೊಳೆಗೆ ಹೋದ. ನೀರು ಎಷ್ಟು ಏರಿದೆ ಅಂತ ಅಳೆಯಲು. ಬದಿಯ ಮಣ್ಣು ಕುಸಿಯಿತು. ಅಲ್ಲೇ ಇದ್ದ ಅತ್ತಿ ಮರದ ಬೇರು ಕೈಗೆ ಸಿಕ್ಕಿದ್ದರಿಂದ ಉಳಿದ. ಕಿರುಚಿದ್ದು ಕೇಳಿ ಅವನ ಅಜ್ಜಿ ಓಡಿ ಬಂದು ಎಳೆದರು.

2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ್ದನ್ನು ನೋಡಿದ ಊರು ಇದು. ಮಣ್ಣು ಕುಸಿಯುವುದು ಅಂದರೆ ಏನು ಅಂತ ನನಗೆ ಯಾರೂ ಹೇಳಬೇಕಿರಲಿಲ್ಲ. ಸಂಜೆ ಅವರ ಮನೆಗೆ ಹೋದೆ. ಹುಡುಗ ಕಂಬಳಿ ಹೊದ್ದು ಒಲೆ ಮುಂದೆ ಕೂತಿದ್ದ. ಮೊಣಕೈ ಪೂರಾ ತರಚಿತ್ತು. ನನ್ನನ್ನು ಕಂಡ ಕೂಡಲೇ ಅವನು ಕೇಳಿದ್ದು ಒಂದೇ: "ಸರ್, ನಾಲ್ಕು ಅಡಿ ತನಕ ನೋಡಿದೆ. ಬರೆಯಬಹುದಾ?"

ಅಜ್ಜಿ ಬೈಯಲಿಲ್ಲ. "ಮೇಷ್ಟ್ರೇ, ನಾನು ಹತ್ತು ಸಲ ಹೇಳಿದರೂ ಅವನು ಕೇಳೋದಿಲ್ಲ. ನೀವು ಒಂದು ಸಲ ಹೇಳಿದರೆ ಸಾಕು. ಏನು ಹೇಳ್ತೀರಿ ಅಂತ ನೋಡಿ ಹೇಳಿ" ಅಂದರು.

ನಾನು ಅವನಿಗೆ ತೋಡಿಗೆ ಹೋಗು ಅಂತ ಹೇಳಿರಲಿಲ್ಲ, ನಿಜ. ಆದರೆ ಹೋಗಬೇಡ ಅಂತಲೂ ಹೇಳಿರಲಿಲ್ಲ. ಅವನು ಹೋದದ್ದು ನೀರಿಗಾಗಿ ಅಲ್ಲ, ನನ್ನ ಶಭಾಷ್‌ಗಾಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯಬಾರದು, ಮನಸ್ಸಿಗೆ ಹಿಂಸೆ ಕೊಡಬಾರದು ಅನ್ನುತ್ತದೆ. ನಾನು ಕೋಲು ಹಿಡಿದವನಲ್ಲ, ಹಾಗಾಗಿ ನನ್ನಿಂದ ಮಗುವಿಗೆ ಏನೂ ಆಗದು ಅಂದುಕೊಂಡಿದ್ದೆ. ಹೆದರಿಸುವ ಮೇಷ್ಟ್ರ ಮಾತು ಗಂಟೆ ಹೊಡೆದ ಮೇಲೆ ಮುಗಿಯುತ್ತದೆ. ಮಕ್ಕಳು ಇಷ್ಟಪಡುವ ಮೇಷ್ಟ್ರ ಮಾತು ರಜೆಯ ದಿನವೂ ಅವರ ಜೊತೆಗೇ ಇರುತ್ತದೆ.

ಇನ್ನೊಂದು ವಿಷಯವನ್ನೂ ಹೇಳಬೇಕು. ಅದೇ ವರ್ಷ ನಮ್ಮ ಸಮಾಜ ಟೀಚರಿಗೆ ಒಬ್ಬ "ಅದನ್ನ ನೀವು ಅಳೆದು ನೋಡಿದ್ದೀರಾ ಮಿಸ್?" ಅಂದಿದ್ದ. ಕ್ಲಾಸೆಲ್ಲ ನಕ್ಕಿತಂತೆ. ಆಗ ನನಗೆ ಒಳಗೊಳಗೇ ಹೆಮ್ಮೆ ಆಗಿತ್ತು. ಅಜ್ಜಿ ಮನೆಯಿಂದ ಬಂದ ಮೇಲೆ ಆ ಟೀಚರ್ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಹುಡುಗನ ಕೈಯಲ್ಲಿ ಅಲ್ಲ, ನಾನೇ.

ಹೊರಗಿನ ಪಾಠ ನಿಲ್ಲಿಸಲಿಲ್ಲ. ನಿಲ್ಲಿಸಬಾರದು. ಆದರೆ ಅಂಗಳ ದಾಟಿ ಯಾರೂ ಅಳೆಯುವಂತಿಲ್ಲ ಅಂತ ಮಾಡಿದೆ. ಪೋಷಕರ ಸಭೆಯಲ್ಲಿ, ನಾನು ಮಕ್ಕಳಿಗೆ ಏನು ಕೆಲಸ ಕೊಟ್ಟಿದ್ದೇನೆ, ಏನು ಕೊಟ್ಟಿಲ್ಲ ಅಂತ ಬಿಡಿಸಿ ಹೇಳುತ್ತೇನೆ. ಮುಖ್ಯವಾಗಿ ಶಭಾಷ್ ಹೇಳುವುದನ್ನು ಬದಲಿಸಿದೆ. ಒಬ್ಬಳು ನೋಟ್‌ಬುಕ್ಕಿನಲ್ಲಿ "ಇವತ್ತು ಸಿಡಿಲು ಇತ್ತು, ಅಳೆಯಲಿಲ್ಲ" ಅಂತ ಬರೆದು ಜಾಗ ಖಾಲಿ ಬಿಟ್ಟಿದ್ದಳು. ಅದನ್ನೇ ಕ್ಲಾಸಿನ ಮುಂದೆ ಓದಿ ಹೇಳಿದೆ. ಸುಳ್ಳು ಸಂಖ್ಯೆ ತುಂಬದೆ ಬಿಟ್ಟ ಆ ಖಾಲಿ ಜಾಗ ಎಷ್ಟು ಬೆಲೆಯದ್ದು ಅಂತ ವಿವರಿಸಿದೆ.

ತೋಡಿಗೆ ಬಿದ್ದ ಹುಡುಗ ಕೆಲವು ವಾರ ನನ್ನ ಕಣ್ಣು ತಪ್ಪಿಸುತ್ತಿದ್ದ. ಸೆಪ್ಟೆಂಬರ್ ಮುಗಿಯುವಾಗ ಅವನೇ ಬಂದ. "ಸರ್, ನೀರು ಇಳಿದಿದೆ. ಅತ್ತಿ ಮರದ ಮೇಲೆ ಕೆಸರಿನ ಗೆರೆ ಹಾಗೇ ಇದೆ. ಈಗ ಅಳೆದರೆ ಆಗುತ್ತಾ?"

ಭಾನುವಾರ ಬೆಳಗ್ಗೆ ಹೋದೆವು. ಅವನು, ಅಜ್ಜಿ, ನಾನು. ಟೇಪಿನ ಒಂದು ತುದಿಯನ್ನು ಅಜ್ಜಿ ಹಿಡಿದುಕೊಂಡರು. ಐದು ಅಡಿ ಎರಡು ಇಂಚು ಇತ್ತು.